ಬ್ರಯಾನ್ ಮೇ ದನಿಗಾಗಿ ಎರಡು ಗಿಟಾರ್, ಮೂರು ಆಂಪ್: ಕೊನೆಗೆ ನಾನು ಉಳಿಸಿಕೊಂಡದ್ದು

ಮೊದಲೇ ಹೇಳಿಬಿಡುತ್ತೇನೆ. ಕ್ವೀನ್ ಅನ್ನುವ ಇಂಗ್ಲಿಷ್ ರಾಕ್ ಬ್ಯಾಂಡಿನ ಗಿಟಾರ್ ವಾದಕ ಬ್ರಯಾನ್ ಮೇ ಅವರ ದನಿಯ ಬೆನ್ನು ಹತ್ತಿದವನು ನಾನು. ಮನೆಯಲ್ಲಿ ಈಗ ಉಳಿದಿರುವುದು ರೆಡ್ ಸ್ಪೆಷಲ್ ಅನ್ನುವ ಅವರ ಕೆಂಪು ಗಿಟಾರಿನ ಮಾದರಿಯ ಒಂದು ಗಿಟಾರ್, ಮೇಲಿನ ಸ್ವರಗಳನ್ನು ಎತ್ತಿಕೊಡುವ, ಅಂಗೈಯಲ್ಲಿ ಹಿಡಿಸುವ ಒಂದು ಟ್ರೆಬಲ್ ಬೂಸ್ಟರ್, ಮತ್ತು ಒಂದೇ ಪವರ್ ವಾಲ್ವ್ (ಹಳೇ ರೇಡಿಯೋದಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆ) ಇರುವ, ದನಿ ಜೋರು ಮಾಡುವ 4 ವಾಟಿನ ಪುಟ್ಟ ಆಂಪ್. ಆಸೆಪಟ್ಟು ತಂದಿದ್ದ ವಾಕ್ಸ್ ಎಸಿ-30 ಅನ್ನುವ ದೊಡ್ಡ ಆಂಪ್ ಮಾರಿದೆ. ಆಂಪುಗಳ ದನಿಯನ್ನು ಅನುಕರಿಸುವ ಡಿಜಿಟಲ್ ಪೆಡಲನ್ನು ತಮ್ಮನಿಗೆ ಕೊಟ್ಟೆ. ಬೆಂಗಳೂರಿನಿಂದ ಹೊತ್ತು ತಂದಿದ್ದ ಸ್ಟ್ರಾಟ್ ಮಾದರಿಯ ಗಿಟಾರ್ ಈಗ ಮಗಳ ಕೋಣೆಯಲ್ಲಿದೆ. ಒಂದೂವರೆ ವರ್ಷ ಇವುಗಳನ್ನೆಲ್ಲ ಒಂದರ ಪಕ್ಕ ಒಂದಿಟ್ಟು ನುಡಿಸಿ ನೋಡಿದ್ದೇನೆ. ಕ್ವೀನ್ ಬ್ಯಾಂಡಿನ ಆ ದನಿ ಮನೆಯಲ್ಲಿ ಬೇಕು ಅನ್ನುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ನಾನಿರುವುದು ಲಂಡನ್ನಿನ ಪಶ್ಚಿಮಕ್ಕೆ, ಫೆಲ್ತಮ್ಮಿನಲ್ಲಿ. ಹೀಥ್ರೋ ವಿಮಾನ ನಿಲ್ದಾಣದಲ್ಲಿ ಕೆಲಸ. ಮನೆ ಬಾಡಿಗೆಗೆ ಹಿಡಿದಾಗ ನನಗೆ ಗೊತ್ತಿರಲಿಲ್ಲ, ಬ್ರಯಾನ್ ಮೇ ಬೆಳೆದದ್ದು ಇದೇ ಊರಿನಲ್ಲಿ. ಆ ಕೆಂಪು ಗಿಟಾರ್ ಹುಟ್ಟಿದ್ದೂ ಇಲ್ಲೇ. ಕ್ವೀನ್ ಗಾಯಕ ಫ್ರೆಡ್ಡಿ ಮರ್ಕ್ಯುರಿಯವರ ಕುಟುಂಬ ಇಂಗ್ಲೆಂಡಿಗೆ ಬಂದ ಮೇಲೆ ನೆಲೆಸಿದ್ದ ಮನೆ ಕೂಡ ಇಲ್ಲಿದೆ. 2016ರಲ್ಲಿ ಅದರ ಗೋಡೆಗೆ, ಹೆಸರಾಂತರು ಇದ್ದ ಮನೆ ಅಂತ ಗುರುತಿಸುವ ನೀಲಿ ಫಲಕ ಹಾಕಿದ್ದಾರೆ. ಸಂಜೆ ವಾಕಿಂಗ್ ಹೋದಾಗ ಅದರ ಮುಂದೆ ಒಂದು ನಿಮಿಷ ನಿಲ್ಲದೆ ನಾನು ಮುಂದೆ ಹೋಗುವುದಿಲ್ಲ.

ಗಿಟಾರಿನ ಕತೆ ಗೊತ್ತಿಲ್ಲದವರಿಗಾಗಿ ಸ್ವಲ್ಪ. 1963ರಲ್ಲಿ ಮೇ ಅವರಿಗೆ 16 ವರ್ಷ. ಫೆಂಡರ್ ಕಂಪನಿಯ ಗಿಟಾರ್ ಕೊಳ್ಳುವಷ್ಟು ದುಡ್ಡಿಲ್ಲ. ತಂದೆ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಬಲ್ಲವರು, ಕೈಗೆಲಸದಲ್ಲೂ ಗಟ್ಟಿಗರು. ಅಪ್ಪ ಮಗ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಕೂತರು. ಸುಮಾರು ಎರಡು ವರ್ಷ ಹಿಡಿಯಿತು. ಕುತ್ತಿಗೆಯ ಮರ ನೂರು ವರ್ಷಕ್ಕೂ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನದು. ಅದರಲ್ಲಿ ಹುಳ ಕೊರೆದ ತೂತುಗಳಿದ್ದವು, ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಫ್ರೆಟ್‌ಬೋರ್ಡಿನ, ಅಂದರೆ ಬೆರಳೊತ್ತುವ ಪಟ್ಟಿಯ ಮೇಲಿನ ಬಿಳಿ ಚುಕ್ಕೆಗಳು ಅಮ್ಮನ ಹೊಲಿಗೆ ಡಬ್ಬಿಯ ಮುತ್ತಿನ ಚಿಪ್ಪಿನ ಗುಂಡಿಗಳು. ತಂತಿಗಳನ್ನು ಅಲುಗಿಸಿ ಸ್ವರ ಬಾಗಿಸುವ ಟ್ರೆಮೊಲೊಗೆ ಹಳೆಯ ಪ್ಯಾಂಥರ್ ಮೋಟಾರ್‌ಬೈಕಿನ ಎರಡು ವಾಲ್ವ್ ಸ್ಪ್ರಿಂಗ್. ಅದರ ಹಿಡಿಕೆಯ ತುದಿ ಸ್ವೆಟರ್ ಹೆಣೆಯುವ ಕಡ್ಡಿಯ ತುಂಡು. ನಮ್ಮ ಮನೆಗಳಲ್ಲಿ ಅಜ್ಜಂದಿರು ಮುರಿದ ಕುರ್ಚಿಯ ಕಾಲಿನಿಂದ ಮಣೆ ಮಾಡುತ್ತಿದ್ದರಲ್ಲ, ಅದೇ ಬುದ್ಧಿ. ಆ ಗಿಟಾರನ್ನೇ ಅವರು ಇವತ್ತಿಗೂ ನುಡಿಸುತ್ತಾರೆ.

ಈಗ ನನ್ನ ಹೋಲಿಕೆಗೆ ಬರುತ್ತೇನೆ.

ಗಿಟಾರಿನ ವಿಷಯ ಬೇಗ ಮುಗಿಯುತ್ತದೆ. ಸ್ಟ್ರಾಟಿನಲ್ಲಿ ಮೂರು ಪಿಕಪ್ (ತಂತಿಯ ನಡುಕವನ್ನು ವಿದ್ಯುತ್ತಾಗಿಸುವ ಕಾಂತ), ರೆಡ್ ಸ್ಪೆಷಲ್ಲಿನಲ್ಲೂ ಮೂರು ಪಿಕಪ್. ಹೊರಗಿನಿಂದ ನೋಡಿದರೆ ಅಂಥಾ ವ್ಯತ್ಯಾಸ ಇಲ್ಲ ಅನ್ನಿಸುತ್ತದೆ. ಇರುವುದು ಒಳಗಿನ ವೈರಿನಲ್ಲಿ. ಸ್ಟ್ರಾಟಿನಲ್ಲಿ ಎರಡು ಪಿಕಪ್ ಒಟ್ಟಿಗೆ ಹಾಕಿದರೆ ಅವು ಪ್ಯಾರಲಲ್ ಆಗಿ ಸೇರುತ್ತವೆ, ದನಿ ತೆಳ್ಳಗೆ, ಗಾಜಿನ ಹಾಗೆ ಬರುತ್ತದೆ. ರೆಡ್ ಸ್ಪೆಷಲ್ಲಿನಲ್ಲಿ ಸೀರೀಸ್. ಟಾರ್ಚಿಗೆ ಸೆಲ್ಲು ಒಂದರ ಹಿಂದೆ ಒಂದು ಹಾಕುತ್ತೇವಲ್ಲ, ಹಾಗೆ. ಬ್ರಿಜ್ (ತಂತಿ ಕೂರುವ ಕುದುರೆ) ಹತ್ತಿರದ್ದು ಮತ್ತು ಮಧ್ಯದ್ದು ಎರಡೂ ಆನ್ ಮಾಡಿದ ಕೂಡಲೇ ದನಿಗೆ ಮೈ ತುಂಬುತ್ತದೆ, ಜೋರೂ ಆಗುತ್ತದೆ. ಮೇ ಅವರ ಸೋಲೋಗಳಲ್ಲಿ ಯಾರೋ ಬಾಯಿಬಿಟ್ಟು ಹಾಡಿದ ಹಾಗೆ ಕೇಳುವ ಗುಣ ಇದೆಯಲ್ಲ, ಅದರ ಬೇರು ಇಲ್ಲಿದೆ. ಸ್ಟ್ರಾಟ್ ಹಾಕಿಕೊಂಡು ಬೂಸ್ಟರ್, ಆಂಪ್ ಎಲ್ಲ ಅದೇ ಇಟ್ಟು ತಿಂಗಳುಗಟ್ಟಲೆ ಪ್ರಯತ್ನಪಟ್ಟೆ. ಚೆನ್ನಾಗಿಯೇ ಕೇಳುತ್ತಿತ್ತು, ಆದರೆ ಅದು ಬೇರೆಯವರ ದನಿ.

ಇನ್ನೊಂದು, ತಂತಿಯ ಉದ್ದ. ಸ್ಟ್ರಾಟಿನಲ್ಲಿ ಇಪ್ಪತ್ತೈದೂವರೆ ಇಂಚು, ರೆಡ್ ಸ್ಪೆಷಲ್ಲಿನಲ್ಲಿ 24 ಇಂಚು. ಕಾಗದದ ಮೇಲೆ ಒಂದೂವರೆ ಇಂಚು ಏನೂ ಅಲ್ಲ. ಬೆರಳಿಗೆ ಮಾತ್ರ ತಂತಿ ಸಡಿಲ ಸಿಕ್ಕಿದ ಹಾಗೆ. ನಮ್ಮಮ್ಮ ವೀಣೆ ನುಡಿಸುತ್ತಾರೆ, ಚಿಕ್ಕಂದಿನಲ್ಲಿ ನನಗೂ ಸ್ವಲ್ಪ ಕಲಿಸಿದ್ದರು. ತಂತಿಯನ್ನು ಪಕ್ಕಕ್ಕೆ ಎಳೆದು ಇನ್ನೊಂದು ಸ್ವರ ಮುಟ್ಟುವ ಅಭ್ಯಾಸ ಬೆರಳಲ್ಲಿ ಕೂತಿದೆ. ಸ್ಟ್ರಾಟಿನಲ್ಲಿ ಅರ್ಧ ಗಂಟೆ ಎಳೆದರೆ ಬೆರಳ ತುದಿ ಉರಿಯುತ್ತಿತ್ತು. ಇದರಲ್ಲಿ ಗಂಟೆಗಟ್ಟಲೆ ಎಳೆಯಬಹುದು. ನನಗೆ ಈ ಒಂದು ಕಾರಣವೇ ಸಾಕಾಗಿತ್ತು.

ತೊಂದರೆ ಇಲ್ಲವೇ ಅಂದರೆ, ಇದೆ. ತಂತಿಗಳ ಕೆಳಗೆ ಆರು ಪುಟ್ಟ ಸ್ವಿಚ್ಚು ಸಾಲಾಗಿ ಕೂತಿವೆ. ಪ್ರತಿ ಪಿಕಪ್ಪಿಗೆ ಆನ್-ಆಫಿಗೆ ಒಂದು, ಫೇಸ್, ಅಂದರೆ ಅದರ ಪ್ಲಸ್ ಮೈನಸ್, ತಿರುಗಿಸಲು ಒಂದು. ರಭಸದಲ್ಲಿ ಮೀಟುವಾಗ ಕಿರುಬೆರಳು ತಾಗಿ ಫೇಸ್ ಸ್ವಿಚ್ಚು ಸರಿದುಬಿಟ್ಟರೆ ತುಂಬಿದ ದನಿ ತಟ್ಟನೆ ಮೂಗಿನಲ್ಲಿ ಹಾಡಿದ ಹಾಗಾಗುತ್ತದೆ. ಒಂದು ತಿಂಗಳು ಕೈ ಪಳಗಿದರೆ ಸರಿಹೋಗುತ್ತದೆ.

ಆಂಪಿನ ವಿಷಯಕ್ಕೆ ಬಂದರೆ, ನನ್ನ ದುಡ್ಡು, ಸಮಯ, ನಿದ್ದೆ ಎಲ್ಲ ಹೋದದ್ದು ಇಲ್ಲಿ.

ಮೇ ಅಂದರೆ ಎಸಿ-30, ಎಸಿ-30 ಅಂದರೆ ಮೇ. ಇಷ್ಟು ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿತ್ತು. 2002ರಲ್ಲಿ ಎಲಿಜಬೆತ್ ರಾಣಿ ಸಿಂಹಾಸನ ಏರಿದ ಸುವರ್ಣ ಮಹೋತ್ಸವಕ್ಕೆ ಬಕಿಂಗ್‌ಹ್ಯಾಮ್ ಅರಮನೆಯ ತಾರಸಿ ಮೇಲೆ ನಿಂತು ಮೇ ರಾಷ್ಟ್ರಗೀತೆ ನುಡಿಸಿದರಲ್ಲ, ಅದನ್ನು ನಾನು ದಾವಣಗೆರೆಯ ಹಾಸ್ಟೆಲ್ಲಿನಲ್ಲಿ ಟಿವಿಯಲ್ಲಿ ನೋಡಿದ್ದೆ. ಅವತ್ತೇ ಆಸೆ ಹುಟ್ಟಿದ್ದು. ಅರವತ್ತರ ದಶಕದ ಕೊನೆಗೆ ಐರ್ಲೆಂಡಿನ ರೋರಿ ಗ್ಯಾಲಗರ್ ತಮ್ಮ ದನಿಯ ಗುಟ್ಟನ್ನು ಮೇ ಅವರಿಗೆ ಹೇಳಿಕೊಟ್ಟರು: ಎಸಿ-30 ಆಂಪ್, ಅದರ ಮುಂದೆ ರೇಂಜ್‌ಮಾಸ್ಟರ್ ಅನ್ನುವ ಟ್ರೆಬಲ್ ಬೂಸ್ಟರ್. ಅಂದಿನಿಂದ ಮೇ ಆ ಆಂಪ್ ಬಿಟ್ಟಿಲ್ಲ. ವೇದಿಕೆಯಲ್ಲಿ ಗೋಡೆಯಂತೆ ಜೋಡಿಸಿಟ್ಟು ನುಡಿಸುತ್ತಾರೆ.

ಹಾಗಾಗಿ ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಎಸಿ-30 ಸಿಕ್ಕಿದ ಕೂಡಲೇ 550 ಪೌಂಡ್ ಎಣಿಸಿ ಕೊಟ್ಟೆ. ತೂಕ ಸುಮಾರು 32 ಕೆಜಿ. ಇಲ್ಲಿನ ಹಳೇ ಮನೆಗಳ ಮೆಟ್ಟಿಲು ಎಷ್ಟು ಇಕ್ಕಟ್ಟು ಅಂತ ಇಲ್ಲಿ ಇದ್ದವರಿಗೆ ಗೊತ್ತು. ಸ್ನೇಹಿತ ಕೆಳಗಿನಿಂದ ತಳ್ಳಿದ, ನಾನು ಮೇಲಿನಿಂದ ಎಳೆದೆ. ಮಹಡಿ ಕೋಣೆಗೆ ಸೇರಿಸುವಷ್ಟರಲ್ಲಿ ಗೋಡೆಯ ಬಣ್ಣ ಎರಡು ಕಡೆ ಕಿತ್ತು ಬಂದಿತ್ತು.

ಸ್ವಿಚ್ಚು ಹಾಕಿ ಕಾದೆ. ಅಜ್ಜನ ಮನೆಯ ವಾಲ್ವ್ ರೇಡಿಯೋ ನೆನಪಾಯಿತು. ಅದೂ ಹೀಗೆಯೇ ಬಿಸಿಯಾಗಲು ಒಂದು ನಿಮಿಷ ತೆಗೆದುಕೊಳ್ಳುತ್ತಿತ್ತು, ಆಮೇಲೆ ಮೆಲ್ಲಗೆ ದನಿ ಏಳುತ್ತಿತ್ತು. ವಾಲ್ಯೂಮ್ ಸ್ವಲ್ಪವೇ ಇಟ್ಟು ಮೀಟಿದೆ. ಗಂಟೆ ಹೊಡೆದ ಹಾಗೆ ಸ್ವಚ್ಛವಾದ ದನಿ. ತುಂಬಾ ಚಂದ. ಆದರೆ ಬ್ರಯಾನ್ ಮೇ ಎಲ್ಲೂ ಇಲ್ಲ. ಸ್ವಲ್ಪ ಏರಿಸಿದೆ. ಇನ್ನೂ ಇಲ್ಲ. ಅರ್ಧಕ್ಕೆ ತಂದೆ. ಈಗ ತಂತಿಯ ದನಿ ಒರಟಾಗಿ ಒಡೆಯಲು ಶುರುವಾಯಿತು, ಎದೆಗೆ ಬಡಿಯಿತು. ಅಷ್ಟರಲ್ಲಿ ಕೆಳಗಿನಿಂದ ಹೆಂಡತಿ ಕೂಗಿದಳು: "ಏನ್ರೀ ಅದು, ಸ್ಟ್ಯಾಂಡಿನಲ್ಲಿರೋ ತಟ್ಟೆಗಳೆಲ್ಲಾ ಗಿಣಿಗಿಣಿ ಅಂತಿವೆ!"

ಅವಳು ಆಸ್ಪತ್ರೆಯಲ್ಲಿ ನರ್ಸ್. ವಾರದಲ್ಲಿ ಮೂರು ದಿನ ರಾತ್ರಿ ಪಾಳಿ. ಅಂದರೆ ಮೂರು ದಿನ ಹಗಲು ನಿದ್ದೆ. ನನ್ನದೂ ಪಾಳಿಯ ಕೆಲಸವೇ. ನಮ್ಮಿಬ್ಬರ ನಡುವೆ ಗಿಟಾರಿಗೆ ಸಿಗುವುದು ದಿನಕ್ಕೆ ಮುಕ್ಕಾಲು ಗಂಟೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಮರುದಿನ ಪಕ್ಕದ ಮನೆಯ ಅಜ್ಜಿ ಬಾಗಿಲು ತಟ್ಟಿದರು. ಬೈಯಲಿಲ್ಲ. "ನಿನ್ನೆ ಸಂಜೆ ನಿಮ್ಮ ಮನೆಯಲ್ಲಿ ಎಲ್ಲಾ ಸರಿಯಾಗಿದೆ ತಾನೇ?" ಅಂತ ಕೇಳಿದರು. ಬೈದಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲ.

ಇಲ್ಲಿ ಒಂದು ವಿಷಯ ಅರ್ಥ ಮಾಡಿಕೊಳ್ಳಬೇಕು. ನನಗೆ ಅರ್ಥವಾಗಲು ಮೂರು ತಿಂಗಳು ಬೇಕಾಯಿತು. ಮೇ ತಮ್ಮ ಆಂಪಿನ ವಾಲ್ಯೂಮನ್ನು ಪೂರ್ತಿ ತಿರುಗಿಸಿ ಇಡುತ್ತಾರೆ. ಜೋರು, ಮೆದು ಎಲ್ಲವನ್ನೂ ಗಿಟಾರಿನ ವಾಲ್ಯೂಮ್ ಗುಂಡಿಯಿಂದಲೇ ಮಾಡುತ್ತಾರೆ. ಗುಂಡಿ ಇಳಿಸಿದರೆ ದನಿ ತಿಳಿಯಾಗುತ್ತದೆ, ಏರಿಸಿದರೆ ಹಾಡುತ್ತದೆ. ಇದು ಆಗಬೇಕಾದರೆ ಆಂಪಿನೊಳಗಿನ ಪವರ್ ವಾಲ್ವುಗಳು ತಮ್ಮ ಶಕ್ತಿಯ ಅಂಚಿನಲ್ಲಿ ನಿಂತಿರಬೇಕು. ಒಲೆಯ ಮೇಲಿನ ಹಾಲು ಇನ್ನೇನು ಉಕ್ಕಬೇಕು ಅನ್ನುವ ಹೊತ್ತು ಇದೆಯಲ್ಲ, ಆ ಸ್ಥಿತಿ. ಎಸಿ-30 ದೊಡ್ಡ ಪಾತ್ರೆ. ಒಳಗೆ ನಾಲ್ಕು ಇಎಲ್-84 ವಾಲ್ವ್, 30 ವಾಟ್, 12 ಇಂಚಿನ ಎರಡು ಸ್ಪೀಕರ್. ಅಷ್ಟು ಹಾಲು ಉಕ್ಕುವ ಹಂತಕ್ಕೆ ಬರಬೇಕಾದರೆ ಕೆಳಗೆ ದೊಡ್ಡ ಉರಿಯೇ ಬೇಕು.

ಒಟ್ಟು ದನಿಯನ್ನು ತಗ್ಗಿಸುವ ಮಾಸ್ಟರ್ ವಾಲ್ಯೂಮ್ ಗುಂಡಿ ಇರಲಿಲ್ಲವೇ ಅಂತ ಕೇಳುತ್ತೀರಿ. ನಾನು ಕೊಂಡದ್ದು ಹೊಸ ಕಾಲದ ಮಾದರಿ, ಆ ಗುಂಡಿ ಇತ್ತು. ಅದನ್ನು ಇಳಿಸಿ ನುಡಿಸಿದರೆ ಮೊದಲ ಹಂತದ ಸಣ್ಣ ವಾಲ್ವುಗಳು ಮಾತ್ರ ಒಡೆಯುತ್ತವೆ. ಪವರ್ ವಾಲ್ವುಗಳಿಗೆ ಕೆಲಸವೇ ಇಲ್ಲ. ದನಿ ಜೇನುನೊಣ ಡಬ್ಬಿಯಲ್ಲಿ ಸಿಕ್ಕಿಕೊಂಡ ಹಾಗೆ ಗುಂಯ್ ಅನ್ನುತ್ತದೆ. ಗಿಟಾರಿನ ಗುಂಡಿ ಇಳಿಸಿದರೆ ತಿಳಿಯಾಗುವ ಬದಲು ಸುಮ್ನೆ ಸಣ್ಣದಾಗುತ್ತದೆ.

ಆಮೇಲೆ ಅಟೆನ್ಯುಯೇಟರ್ ತಂದೆ. 110 ಪೌಂಡ್. ಆಂಪಿಗೂ ಸ್ಪೀಕರಿಗೂ ನಡುವೆ ಕೂತು ಶಕ್ತಿಯನ್ನು ಶಾಖ ಮಾಡಿ ನುಂಗುವ ಪೆಟ್ಟಿಗೆ. ಈಗ ಆಂಪ್ ಪೂರ್ತಿ ತಿರುಗಿಸಬಹುದು, ಹೊರಗೆ ದನಿ ಕಡಿಮೆ. ಸ್ವಲ್ಪ ಇಳಿಸಿದಾಗ ಖುಷಿಯೇ ಆಯಿತು. ಆದರೆ ಮನೆಗೆ ಬೇಕಾದಷ್ಟು ಇಳಿಸಿದ ಮೇಲೆ ಕಂಬಳಿ ಹೊದಿಸಿದ ಹಾಗೆ ಮಂಕು. ಅದೂ ಅಲ್ಲದೆ ಹೊರಗೆ ದನಿ ಸಣ್ಣದಾದರೂ ಒಳಗೆ ವಾಲ್ವುಗಳು ಪೂರ್ತಿ ದುಡಿಯುತ್ತಲೇ ಇರುತ್ತವೆ. ಮೊದಲೇ ಎಸಿ-30 ಬಿಸಿಯ ಆಂಪ್. ಮುಕ್ಕಾಲು ಗಂಟೆ ಆದ ಮೇಲೆ ಮೇಲಿನ ಜಾಲರಿ ಹತ್ತಿರ ಕೈ ಹಿಡಿದರೆ ಹಪ್ಪಳ ಒಣಗಿಸಬಹುದು ಅನ್ನುವಷ್ಟು ಶಾಖ. ಚಳಿಗಾಲದಲ್ಲಿ ಪರವಾಗಿಲ್ಲ. ಆದರೆ ವಾಲ್ವುಗಳು ಸವೆದರೆ ನಾಲ್ಕನ್ನೂ ಜೊತೆಗೂಡಿಸಿ ಒಟ್ಟಿಗೆ ಹಾಕಿಸಬೇಕು, ಆ ಖರ್ಚು ಬೇರೆ.

ಹಿತ್ತಿಲಿನ ಶೆಡ್ಡಿಗೆ ಸಾಗಿಸೋಣ ಅಂದರೆ ಇಲ್ಲಿನ ತೇವ. ಗಂಟೆಗೆ ಇಷ್ಟು ಅಂತ ಬಾಡಿಗೆ ಕೊಟ್ಟು ರಿಹರ್ಸಲ್ ಕೋಣೆಗೆ ಒಯ್ದೆ, ನಾಲ್ಕು ಸಲ. ಅಲ್ಲಿ ಮೊದಲ ಸಲ ಪೂರ್ತಿ ತಿರುಗಿಸಿ, ಬೂಸ್ಟರ್ ಹಾಕಿ ಒಂದು ಸ್ವರ ಹಿಡಿದೆ. ಆ ಸ್ವರ ನಿಲ್ಲಲೇ ಇಲ್ಲ. ಆಂಪಿನ ದನಿ ಗಾಳಿಯಲ್ಲಿ ಬಂದು ಗಿಟಾರಿನ ಒಳಗಿನ ಟೊಳ್ಳು ಜಾಗವನ್ನು ನಡುಗಿಸುತ್ತದೆ, ಗಿಟಾರ್ ತಂತಿಯನ್ನು ನಡುಗಿಸುತ್ತದೆ, ತಂತಿ ಮತ್ತೆ ಆಂಪಿಗೆ ಹೋಗುತ್ತದೆ. ಹೊಟ್ಟೆಗೆ ಆನಿಸಿಕೊಂಡ ಮರ ಜೀವಂತವಾಗಿ ಮಿಡಿಯುವುದು ಗೊತ್ತಾಗುತ್ತಿತ್ತು. ಕಣ್ಣಲ್ಲಿ ನೀರು ಬಂತು, ನಿಜವಾಗಿ. ಈ ಆಂಪಿನ ಬಗ್ಗೆ ನನಗೆ ಕೊಂಚವೂ ಕೀಳು ಮಾತಿಲ್ಲ. ಅದು ಕೇಳುವಷ್ಟು ಜಾಗ ನನ್ನ ಬದುಕಿನಲ್ಲಿ ಇಲ್ಲ, ಅಷ್ಟೇ. ಐದನೇ ಸಲ ಕಾರಿನ ಡಿಕ್ಕಿಗೆ ಎತ್ತುವಾಗ ಸೊಂಟ ಹಿಡಿಯಿತು. ಒಂದು ವಾರ ರಜೆ.

ಆ ವಾರ ಮಲಗಿಕೊಂಡು ಡಿಜಿಟಲ್ ಪೆಡಲ್ ನುಡಿಸಿದೆ. 180 ಪೌಂಡಿನದು. ಹೆಡ್‌ಫೋನ್ ಹಾಕಿ, ಪಟ್ಟಿಯಲ್ಲಿ ಎಸಿ-30ರ ಹೆಸರು ಆರಿಸಿ, ಬೂಸ್ಟರಿನ ಹೆಸರು ಆರಿಸಿ, ಅಷ್ಟೇ. ರೆಕಾರ್ಡ್ ಮಾಡಿ ಕೇಳಿದರೆ ಅಚ್ಚರಿ ಆಗುವಷ್ಟು ಹತ್ತಿರ. ರಾತ್ರಿ ಎರಡಕ್ಕೂ ನುಡಿಸಬಹುದು. ಪಿಜಿಯಲ್ಲಿ, ಹಾಸ್ಟೆಲ್ಲಿನಲ್ಲಿ ಇರುವವರು ಬೇರೆ ಯೋಚನೆ ಮಾಡುವುದೇ ಬೇಡ, ಇದನ್ನೇ ತಗೊಳ್ಳಿ. ನನಗೆ ಮಾತ್ರ ಹಿಡಿಸಲಿಲ್ಲ. ಹೆಡ್‌ಫೋನಿನಲ್ಲಿ ದನಿ ಗಿಟಾರಿಗೆ ವಾಪಸು ಹೋಗುವುದಿಲ್ಲ. ನಾನು ಮಾತಾಡುತ್ತೇನೆ, ಎದುರಿನವರು ಉತ್ತರ ಕೊಡುವುದಿಲ್ಲ. ಸ್ವರ ಹಿಡಿದರೆ ಅದು ಸುಮ್ಮನೆ ಆರಿಹೋಗುತ್ತದೆ. ಗಿಟಾರಿನ ಗುಂಡಿ ಇಳಿಸಿದಾಗ ದನಿ ತಿಳಿಯಾಗುವುದೂ ನನ್ನ ಪೆಡಲಿನಲ್ಲಿ ಅರೆಬರೆ. ಮೆನು ತಿರುಗಿಸುವುದರಲ್ಲೇ ಮುಕ್ಕಾಲು ಗಂಟೆಯಲ್ಲಿ ಹತ್ತು ನಿಮಿಷ ಹೋಗುತ್ತಿತ್ತು. ಊರಿಗೆ ಹೋದಾಗ ತಮ್ಮನಿಗೆ ಕೊಟ್ಟು ಬಂದೆ. ಅವನಿಗೆ ಬಲು ಇಷ್ಟ ಆಗಿದೆ.

ದಾರಿ ತೋರಿಸಿದ್ದು ಇನ್ನೊಂದು ಆಂಪಿನ ಕತೆ. ಕ್ವೀನ್ ಬ್ಯಾಂಡಿನಲ್ಲಿ ಬಾಸ್ ಗಿಟಾರ್ ನುಡಿಸುತ್ತಿದ್ದ ಜಾನ್ ಡೀಕನ್ ಎಲೆಕ್ಟ್ರಾನಿಕ್ಸ್ ಓದಿದವರು. 1972ರ ಸುಮಾರಿಗೆ ಅವರಿಗೆ ಬೀದಿಯಲ್ಲಿ ಕಸದ ತೊಟ್ಟಿಯಲ್ಲಿ ಒಂದು ಸರ್ಕಿಟ್ ಬೋರ್ಡ್ ಸಿಕ್ಕಿತು. ಟ್ರಾನ್ಸಿಸ್ಟರ್ ರೇಡಿಯೋದಿಂದ ಬಿದ್ದದ್ದು. ಅದನ್ನು ಒಂದು ಪುಸ್ತಕದ ಕಪಾಟಿನಲ್ಲಿ ಇಡುವಂಥ ಸಣ್ಣ ಸ್ಪೀಕರ್ ಡಬ್ಬಿಗೆ ಸೇರಿಸಿ, 9 ವೋಲ್ಟಿನ ಬ್ಯಾಟರಿ ಹಾಕಿ ಪುಟ್ಟ ಆಂಪ್ ಮಾಡಿದರು. ಒಂದು ವಾಟ್ ಕೂಡ ಇಲ್ಲ. ಮೇ ಅದಕ್ಕೆ ತಮ್ಮ ಬೂಸ್ಟರ್, ತಮ್ಮ ಗಿಟಾರ್ ಸಿಕ್ಕಿಸಿದರು. 1975ರ ಆಲ್ಬಮ್ಮಿನ 'ಗುಡ್ ಕಂಪನಿ' ಹಾಡಿನಲ್ಲಿ ಕ್ಲಾರಿನೆಟ್, ಟ್ರಂಪೆಟ್, ಟ್ರಾಂಬೋನ್ ಇರುವ ಪೂರ್ತಿ ಜಾಝ್ ಮೇಳ ಕೇಳಿಸುತ್ತದಲ್ಲ, ಅದು ಮೇಳವೇ ಅಲ್ಲ. ಎಲ್ಲವೂ ಆ ಕೆಂಪು ಗಿಟಾರ್, ಈ ಡಬ್ಬಿ. ಒಂದೊಂದೇ ಸಾಲು ನುಡಿಸಿ ಪೇರಿಸಿದ್ದು.

ಸೊಂಟಕ್ಕೆ ಬಿಸಿನೀರಿನ ಚೀಲ ಇಟ್ಟುಕೊಂಡು ಇದನ್ನು ಓದುತ್ತಿದ್ದಾಗ ನನಗೆ ಹೊಳೆಯಿತು. ಜೋರು ಬೇಕಾಗಿಲ್ಲ. ಆಂಪ್ ತನ್ನ ಅಂಚಿನಲ್ಲಿ ನಿಂತಿದ್ದರೆ ಸಾಕು. ಪುಟ್ಟ ಪಾತ್ರೆಯಲ್ಲಿ ಹಾಲು ಉಕ್ಕಿಸಲು ಸಣ್ಣ ಉರಿ ಸಾಕಲ್ವಾ?

ಹೀಗೆ ಬಂದದ್ದು ವಾಕ್ಸ್‌ನದೇ ಸಣ್ಣ ಆಂಪ್, ಎಸಿ-4 ಟಿವಿ. ಎಸಿ-30ರಲ್ಲಿ ನಾಲ್ಕಿರುವ ಅದೇ ಇಎಲ್-84 ಇಲ್ಲಿ ಒಂದೇ ಒಂದು. 10 ಇಂಚಿನ ಒಂದು ಸ್ಪೀಕರ್. ಒಂದು ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಹತ್ತಬಹುದು. ಸೆಕೆಂಡ್ ಹ್ಯಾಂಡಿನಲ್ಲಿ 140 ಪೌಂಡ್ ಕೊಟ್ಟೆ. ಇದರಲ್ಲಿ ಒಂದು ಸ್ವಿಚ್ಚು ಇದೆ: 4 ವಾಟ್, 1 ವಾಟ್, ಕಾಲು ವಾಟ್.

ಒಂದು ಎಚ್ಚರಿಕೆ. 4 ವಾಟ್ ಅಂದರೆ ಪಿಸುಮಾತು ಅಂದುಕೊಳ್ಳಬೇಡಿ. ನಾನೂ ಹಾಗೇ ಅಂದುಕೊಂಡಿದ್ದೆ. ಕಿವಿಯ ಲೆಕ್ಕ ಬೇರೆ. ಶಕ್ತಿ ಹತ್ತು ಪಟ್ಟು ಇಳಿದರೆ ಕಿವಿಗೆ ದನಿ ಸುಮಾರು ಅರ್ಧಕ್ಕೆ ಇಳಿದ ಹಾಗೆ ಕೇಳುತ್ತದೆ. 30ರಿಂದ 4ಕ್ಕೆ ಬಂದರೆ ಅರ್ಧದಷ್ಟೂ ಇಳಿಯಲಿಲ್ಲ ಅಂತಾಯಿತು. ಡ್ರಮ್ ಜೊತೆಗೂ ಕೇಳುತ್ತದೆ, ಅಷ್ಟು ಜೋರು. ಕಾಲು ವಾಟಿಗೆ ಇಳಿಸಿದರೆ ಎಸಿ-30ರ ಕಾಲುಭಾಗ ಆಗುತ್ತದೆ. ಟಿವಿ ಸ್ವಲ್ಪ ಜೋರಾಗಿ ಇಟ್ಟಷ್ಟು. ಕೊಳ್ಳುವಾಗ ವಾಟ್ ಇಳಿಸುವ ಸ್ವಿಚ್ಚು ಇದೆಯಾ ಅಂತ ಮೊದಲು ನೋಡಿ, ಉಳಿದದ್ದು ಆಮೇಲೆ.

ಮೊದಲ ದಿನ ಸ್ವಿಚ್ಚು ಕಾಲು ವಾಟಿಗೆ ಹಾಕಿ, ವಾಲ್ಯೂಮ್ ಪೂರ್ತಿ ತಿರುಗಿಸಿ, ಗಿಟಾರಿನ ಗುಂಡಿ ಮೂರಕ್ಕೆ ಇಟ್ಟು ಮೀಟಿದೆ. ತಿಳಿಯಾದ ದನಿ. ಮೆಲ್ಲಗೆ ಹತ್ತಕ್ಕೆ ಏರಿಸಿದೆ. ಆ ಕೋಣೆಯಲ್ಲಿ, ಬಟ್ಟೆ ಒಣಹಾಕಿದ ಸ್ಟ್ಯಾಂಡಿನ ಪಕ್ಕ, ಅದು ಹಾಡಿತು. ಸ್ಪೀಕರಿಗೆ ಒಂದು ಅಡಿ ಹತ್ತಿರ ಹೋಗಿ ಗಿಟಾರ್ ಓರೆ ಹಿಡಿದರೆ ಸ್ವರ ನಿಲ್ಲುತ್ತದೆ ಕೂಡ. ಕೆಳಗೆ ಹೋಗಿ ಹೆಂಡತಿಯನ್ನು ಕೇಳಿದೆ, ಎಷ್ಟು ಕೇಳಿಸಿತು ಅಂತ. "ನುಡಿಸಿದ್ರಾ? ಮಿಕ್ಸಿ ಹಾಕಿದ್ದೆ, ಗೊತ್ತಾಗ್ಲಿಲ್ಲ" ಅಂದಳು.

ಕೊರತೆ ಇಲ್ಲದಿಲ್ಲ. ಕೆಳಗಿನ ಸ್ವರಗಳಿಗೆ ಆ ಎದೆಗೆ ಬಡಿಯುವ ಗಟ್ಟಿತನ ಇಲ್ಲ. 10 ಇಂಚಿನ ಒಂದು ಸ್ಪೀಕರ್ ಎಷ್ಟು ಗಾಳಿ ತಳ್ಳೀತು? ಎರಡು ಸ್ಪೀಕರಿನ ಹರವೂ ಇಲ್ಲ. ಜೊತೆಗಿಟ್ಟು ಕೇಳಿದರೆ ಗೊತ್ತಾಗುತ್ತದೆ. ಜೊತೆಗಿಡಲು ಈಗ ಎಸಿ-30 ಇಲ್ಲ, ಹಾಗಾಗಿ ನೆಮ್ಮದಿ.

ಬೂಸ್ಟರ್ ಬಗ್ಗೆ ಹೇಳಲೇಬೇಕು, ಯಾಕೆಂದರೆ ಇಷ್ಟರಲ್ಲಿ ಒಂದನ್ನು ಮಾತ್ರ ಕೊಳ್ಳಬಲ್ಲೆ ಅನ್ನುವವರಿಗೆ ನಾನು ಹೇಳುವುದು ಇದನ್ನೇ. ಹೆಸರು ಟ್ರೆಬಲ್ ಬೂಸ್ಟರ್ ಅಂತ ಇದ್ದರೂ ಕಿವಿ ಕೊರೆಯುವ ದನಿ ಬರುವುದಿಲ್ಲ. ಅದು ಕೆಳಗಿನ ಸ್ವರಗಳನ್ನು ಹಿಂದೆ ಬಿಟ್ಟು ಮೇಲಿನದನ್ನು ಎತ್ತಿ ಆಂಪಿನ ಬಾಯಿಗೆ ಕೊಡುತ್ತದೆ. ಒಡೆಯುವ ಹಂತದಲ್ಲಿರುವ ಆಂಪಿಗೆ ಬಾಸ್ ಜಾಸ್ತಿ ಹೋದರೆ ದನಿ ಕೆಸರಾಗುತ್ತದೆ. ಅದನ್ನು ಮೊದಲೇ ಸೋಸಿಬಿಟ್ಟರೆ ಮೂರು ಸ್ವರ ಒಟ್ಟಿಗೆ ಮೀಟಿದರೂ ಮೂರೂ ಬೇರೆಬೇರೆ ಕೇಳುತ್ತವೆ. ಮೇ ಅವರ ಗಿಟಾರ್ ಮೇಳ ಅಷ್ಟು ಪದರ ಪೇರಿಸಿದರೂ ಕಲಸಿಹೋಗದೆ ಇರುವುದಕ್ಕೆ ಇದೂ ಒಂದು ಕಾರಣ. ಗಿಟಾರಿನಿಂದ ಹೊರಟ ವೈರು ನೇರವಾಗಿ ಇದಕ್ಕೇ ಬರಬೇಕು, ನಡುವೆ ಬೇರೆ ಪೆಡಲ್ ಬೇಡ. ನನ್ನದು ಹಳೇ ಪದ್ಧತಿಯ ಜರ್ಮೇನಿಯಮ್ ಟ್ರಾನ್ಸಿಸ್ಟರಿನದು, 90 ಪೌಂಡ್. ಇದರಲ್ಲಿ ಪ್ಲಸ್ ಮೈನಸ್ ತಿರುವುಮುರುವು. ಉಳಿದ ಪೆಡಲುಗಳ ಅಡಾಪ್ಟರಿಗೆ ಇದನ್ನೂ ಸೇರಿಸಿದರೆ ಶಾರ್ಟ್ ಆಗುತ್ತದೆ. ಹಾಗಾಗಿ ಬ್ಯಾಟರಿಯೇ ಗತಿ. ನುಡಿಸಿ ಮುಗಿದ ಮೇಲೆ ವೈರು ಕಿತ್ತಿಡಬೇಕು, ಇಲ್ಲದಿದ್ದರೆ ಬ್ಯಾಟರಿ ಸುಮ್ಮನೆ ಸವೆಯುತ್ತಲೇ ಇರುತ್ತದೆ.

ಇನ್ನು ಮೀಟುವ ನಾಣ್ಯ. ಮೇ ಪ್ಲಾಸ್ಟಿಕ್ ಪಿಕ್ ಬಳಸುವುದಿಲ್ಲ. ಹಳೆಯ ಆರು ಪೆನ್ನಿ ನಾಣ್ಯ ಬಳಸುತ್ತಾರೆ. 1980ರಲ್ಲಿ ಅದರ ಚಲಾವಣೆ ನಿಂತಿದೆ, ಆದರೆ ಸಂತೆಯಲ್ಲಿ ಹಳೇ ನಾಣ್ಯದ ಅಂಗಡಿಗಳಲ್ಲಿ ಧಾರಾಳ ಸಿಗುತ್ತದೆ. ನಾನು ಒಂದು ಪೌಂಡ್ ಕೊಟ್ಟು ತಂದೆ. ಅಂಚಿನಲ್ಲಿ ಸಣ್ಣ ಹಲ್ಲುಗಳಿವೆ. ನೇರ ಮೀಟಿದರೆ ನಯ, ಸ್ವಲ್ಪ ಓರೆ ಮಾಡಿದರೆ ಸ್ವರದ ಮೊದಲಿಗೆ ಚರ್ ಅನ್ನುವ ಒಂದು ಒರಟುತನ ಬರುತ್ತದೆ, ಮಾತಿನಲ್ಲಿ ವ್ಯಂಜನ ಬಂದ ಹಾಗೆ. ಅಮ್ಮನ ದೇವರ ಗೂಡಿನ ಡಬ್ಬಿಯಲ್ಲಿದ್ದ ನಮ್ಮ ಸ್ಟೀಲಿನ ನಾಲ್ಕಾಣೆಯನ್ನೂ ಹಾಕಿ ನೋಡಿದೆ. ಅಳತೆ ಹೆಚ್ಚುಕಡಿಮೆ ಅಷ್ಟೇ. ಅದೂ 2011ರಲ್ಲಿ ಚಲಾವಣೆ ಬಿಟ್ಟದ್ದೇ. ಆದರೆ ಸ್ಟೀಲು ತುಂಬಾ ಗಟ್ಟಿ, ತಂತಿಯನ್ನು ತಿಂದುಹಾಕುತ್ತದೆ. ಎರಡು ವಾರಕ್ಕೆ ಮೇಲಿನ ತಂತಿ ಹರಿಯಿತು. ಆರು ಪೆನ್ನಿಯ ತಾಮ್ರ-ನಿಕ್ಕಲ್ ಸ್ವಲ್ಪ ಮೆದು. ತಂತಿಯ ಬದಲು ನಾಣ್ಯವೇ ಸವೆಯುತ್ತದೆ, ಅದೇ ಒಳ್ಳೆಯದು.

ದುಡ್ಡಿನ ಲೆಕ್ಕ. ಗಿಟಾರ್ ಸೆಕೆಂಡ್ ಹ್ಯಾಂಡ್ 480, ಬೂಸ್ಟರ್ 90, ಆಂಪ್ 140. ಒಟ್ಟು 710 ಪೌಂಡ್. ನನ್ನ ಮಿತಿ 800 ಇತ್ತು, ಅದರೊಳಗೆ ಬಂತು. ಎಸಿ-30 ಮಾರಿದಾಗ 530 ಬಂತು, ಅಟೆನ್ಯುಯೇಟರಿಗೆ 70. ಕಳೆದುಕೊಂಡದ್ದು 60 ಪೌಂಡ್, ಒಂದು ವಾರದ ರಜೆ. ಗ್ಯಾರೇಜ್ ಇರುವವರು, ಡ್ರಮ್ಮರ್ ಜೊತೆ ವಾರಕ್ಕೆರಡು ಸಲ ನುಡಿಸುವವರು ಎಸಿ-30ನ್ನೇ ತಗೊಳ್ಳಿ, ನನ್ನ ಮಾತು ಕೇಳಬೇಡಿ. ಗೋಡೆಗೆ ಗೋಡೆ ಅಂಟಿದ ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆ ನುಡಿಸುವವರಿಗೆ ಪುಟ್ಟದೇ ಸರಿ. ರೆಡ್ ಸ್ಪೆಷಲ್ ಕೊಳ್ಳುವಷ್ಟು ಈಗ ಇಲ್ಲ ಅಂದರೆ ಇರುವ ಗಿಟಾರಿಗೇ ಬೂಸ್ಟರ್ ಹಾಕಿ ಶುರು ಮಾಡಿ.

ಕಳೆದ ನವೆಂಬರಿನಲ್ಲಿ ಇಲ್ಲಿನ ಕನ್ನಡಿಗರು ಸೇರಿ ರಾಜ್ಯೋತ್ಸವ ಮಾಡಿದೆವು. ಶಾಲೆಯ ಹಾಲ್, ಇನ್ನೂರು ಜನ. ಒಂದು ಭಾವಗೀತೆಗೆ ನಾನು ಗಿಟಾರ್. ಆಂಪನ್ನು ಒಂದು ಕೈಯಲ್ಲಿ, ತಿಂಡಿ ಡಬ್ಬಿಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಸ್ಸಿನಲ್ಲೇ ಹೋದೆ. ಸ್ವಿಚ್ಚು 4 ವಾಟಿಗೆ ಹಾಕಿ, ಕುರ್ಚಿಯ ಮೇಲಿಟ್ಟು, ಮುಂದೆ ಒಂದು ಮೈಕ್ ಇಟ್ಟರು. ಪಲ್ಲವಿ ಮುಗಿದ ಮೇಲೆ ಗಿಟಾರಿನ ಗುಂಡಿಯನ್ನು ಕಿರುಬೆರಳಿನಿಂದ ಹತ್ತಕ್ಕೆ ತಂದೆ. ಫೇಸ್ ಸ್ವಿಚ್ಚು ಅಲ್ಲಾಡಲಿಲ್ಲ. ಮುಂದಿನ ಸಾಲಿನಲ್ಲಿ ಪಕ್ಕದ ಮನೆಯ ಅಜ್ಜಿ ಕೂತಿದ್ದರು, ನಾವೇ ಕರೆದಿದ್ದೆವು. ಕೋಸಂಬರಿ ತಟ್ಟೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳುತ್ತಿದ್ದರು.